ಸದ್ದಿನ ಚಿತ್ರ ಇಷ್ಟು ಚೊಕ್ಕಟವಾಗಿದ್ದು ಹೇಗೆ?

ಯಂತ್ರದ ಫೋಟೊ ಮೇಲೆ ಕೆಂಪು, ಹಳದಿ, ನೀಲಿ ಮಚ್ಚೆಗಳು. ಕೆಂಪಿದ್ದಲ್ಲಿ ಸದ್ದು ಹೆಚ್ಚು. ಹತ್ತಾರು ಮೈಕ್ರೊಫೋನ್‌ಗಳನ್ನು ಒಂದೇ ಚೌಕಟ್ಟಿನಲ್ಲಿ ಜೋಡಿಸಿದ ಅಕೌಸ್ಟಿಕ್ ಕ್ಯಾಮೆರಾ ಕೊಡುವುದು ಇಂಥ ಚಿತ್ರವನ್ನು. ಆದರೆ ಅದೇ ಅಳತೆಗಳನ್ನು ಬೇರೆ ಬೇರೆ ಲೆಕ್ಕದ ವಿಧಾನಗಳಿಗೆ ಕೊಟ್ಟು ನೋಡಿ: ಮಚ್ಚೆ ಕುಗ್ಗುತ್ತದೆ, ಎರಡಾಗಿ ಒಡೆಯುತ್ತದೆ, ಕೆಲವೊಮ್ಮೆ ಮಾಯವೇ ಆಗುತ್ತದೆ. ಯಾವುದನ್ನು ನಂಬಬೇಕು?

ಮೂಲ ಉಪಾಯ ಹಳೆಯದು. ಒಂದನೇ ಮಹಾಯುದ್ಧದಲ್ಲಿ ಭೌತವಿಜ್ಞಾನಿ ಲಾರೆನ್ಸ್ ಬ್ರಾಗ್ ಅವರ ತಂಡ, ಸಾಲಾಗಿಟ್ಟ ಮೈಕ್ರೊಫೋನ್‌ಗಳಿಗೆ ಸದ್ದು ಮುಟ್ಟುವ ಹೊತ್ತಿನ ವ್ಯತ್ಯಾಸದಿಂದ ಶತ್ರುವಿನ ಫಿರಂಗಿ ಎಲ್ಲಿದೆಯೆಂದು ಪತ್ತೆ ಮಾಡುತ್ತಿತ್ತು. 1976ರ ಹೊತ್ತಿಗೆ ಬಿಲ್ಲಿಂಗ್ಸ್ಲಿ ಮತ್ತು ಕಿನ್ಸ್ ಎಂಬ ಸಂಶೋಧಕರು ಅದೇ ತತ್ವವನ್ನು ಜೆಟ್ ಎಂಜಿನ್‌ಗೆ ಹಚ್ಚಿ ‘ಅಕೌಸ್ಟಿಕ್ ಟೆಲಿಸ್ಕೋಪ್’ ಎಂದು ಕರೆದರು.

ಇದರ ಲೆಕ್ಕ ಸರಳ. ಚಿತ್ರದ ಒಂದು ಬಿಂದುವಿನಿಂದ ಪ್ರತಿ ಮೈಕ್ರೊಫೋನ್‌ಗೂ ಸದ್ದು ಬರಲು ಎಷ್ಟು ಹೊತ್ತು ಬೇಕೋ ಅಷ್ಟನ್ನು ಸರಿಹೊಂದಿಸಿ ಎಲ್ಲವನ್ನೂ ಕೂಡುವುದು. ಸದ್ದು ನಿಜಕ್ಕೂ ಅಲ್ಲಿಂದಲೇ ಬಂದಿದ್ದರೆ ಮೊತ್ತ ಏರುತ್ತದೆ. ಬೀಮ್‌ಫಾರ್ಮಿಂಗ್ ಅಂದರೆ ಇಷ್ಟೇ. ತೊಡಕಿರುವುದು ಭೌತವಿಜ್ಞಾನದಲ್ಲಿ: ತರಂಗಾಂತರ (ಅಲೆಯ ಉದ್ದ) ದೊಡ್ಡದಾದಷ್ಟೂ ಚಿತ್ರ ಮಸುಕು. 1000 ಹರ್ಟ್ಜ್ ಸದ್ದಿನ ತರಂಗಾಂತರ ಸುಮಾರು 34 ಸೆಂ.ಮೀ. ಒಂದು ಮೀಟರ್ ಅಗಲದ ಜೋಡಣೆ ಮೂರು ಮೀಟರ್ ದೂರದಿಂದ ನೋಡಿದರೆ, ಸುಮಾರು 1.25 ಮೀಟರ್‌ಗಿಂತ ಹತ್ತಿರ ಇರುವ ಎರಡು ಮೂಲಗಳು ಒಂದೇ ಮಚ್ಚೆಯಾಗಿ ಬೆರೆತುಹೋಗುತ್ತವೆ. ಜೊತೆಗೆ, ಸದ್ದೇ ಇಲ್ಲದ ಕಡೆ ‘ಸೈಡ್ ಲೋಬ್’ ಎಂಬ ಸುಳ್ಳು ಮಚ್ಚೆಗಳು ಏಳುತ್ತವೆ. ಸಮ ಅಂತರದ ಚೌಕಗಳ ಬದಲು ಸುರುಳಿಯಾಕಾರದಲ್ಲಿ ಮೈಕ್ರೊಫೋನ್ ಜೋಡಿಸುವುದು ರೂಢಿಗೆ ಬಂದ ಮೇಲೆ ಇವು ತಗ್ಗಿದವು, ಹೋಗಲಿಲ್ಲ.

ದೊಡ್ಡ ತಿರುವು 2004ರದು. ನಾಸಾದ ಲ್ಯಾಂಗ್ಲಿ ಕೇಂದ್ರದ ಬ್ರೂಕ್ಸ್ ಮತ್ತು ಹಂಫ್ರೀಸ್ ‘ಡಾಮಾಸ್’ ಎಂಬ ವಿಧಾನ ಮುಂದಿಟ್ಟರು. ಚಿತ್ರದ ಪ್ರತಿ ಬಿಂದುವಿನಲ್ಲೂ ಉಳಿದೆಲ್ಲ ಬಿಂದುಗಳ ಸೋರಿಕೆ ಸೇರಿದೆ, ಆ ಸೋರಿಕೆ ಎಷ್ಟೆಂದು ಮೊದಲೇ ಲೆಕ್ಕ ಹಾಕಬಹುದು, ಹಾಗಾದರೆ ಸಮೀಕರಣ ಬಿಡಿಸಿ ಮೂಲವನ್ನೇ ಪಡೆಯೋಣ ಎಂಬುದು ಅವರ ತರ್ಕ. 50×50 ಬಿಂದುಗಳ ಸಣ್ಣ ಚಿತ್ರಕ್ಕೂ 2500 ಸಮೀಕರಣ, 62.5 ಲಕ್ಷ ಗುಣಾಂಕ! ಕಂಪ್ಯೂಟರ್‌ಗಳು ಏದುಸಿರು ಬಿಟ್ಟವು, ಆದರೆ ಚಿತ್ರ ಬೆರಗು ಹುಟ್ಟಿಸುವಷ್ಟು ಹರಿತವಾಯಿತು. ಮೂಲಗಳೆಲ್ಲ ಬಿಂದುರೂಪದವು, ಒಂದಕ್ಕೊಂದು ಸಂಬಂಧವಿಲ್ಲದವು ಎಂಬ ಊಹೆಯ ಮೇಲೆ ಆ ಹರಿತ ನಿಂತಿತ್ತು.

ಮಾದರಿಗಳ ಮೇಲೆ ಜೋರು ಗಾಳಿ ಹಾಯಿಸಿ ಪರೀಕ್ಷಿಸುವ ವಿಂಡ್ ಟನಲ್‌ನಲ್ಲಿ ಊಹೆಗೂ ವಾಸ್ತವಕ್ಕೂ ಅಂತರ ಬೀಳುತ್ತದೆ. ಗಾಳಿ ಸದ್ದಿನ ದಾರಿಯನ್ನು ಕೆಡಿಸುತ್ತದೆ. 2007ರಲ್ಲಿ ನೆದರ್‌ಲೆಂಡ್ಸ್‌ನ ಸೈಟ್ಸ್ಮಾ ‘ಕ್ಲೀನ್-ಎಸ್‌ಸಿ’ ಎಂಬ ವಿಧಾನ ತಂದದ್ದು ಇದಕ್ಕೇ. ಅತಿ ಪ್ರಖರ ಬಿಂದುವನ್ನು ಹಿಡಿದು, ಅದರ ಸೋರಿಕೆ ಕಳೆದು, ಮುಂದಿನದಕ್ಕೆ ಹೋಗುವ ಕ್ರಮ ರೇಡಿಯೊ ಖಗೋಳ ವಿಜ್ಞಾನದಲ್ಲಿ 1974ರಿಂದಲೇ ಇತ್ತು. ಸೈಟ್ಸ್ಮಾ ಸೋರಿಕೆಯನ್ನು ಸೂತ್ರದಿಂದ ಊಹಿಸಲಿಲ್ಲ, ಅಳತೆಯಲ್ಲೇ ಹುಡುಕಿದರು: ಪ್ರಖರ ಬಿಂದುವಿನ ಜೊತೆ ಏಕತಾಳದಲ್ಲಿ ಏರಿಳಿಯುವುದೆಲ್ಲ ಅದರದೇ ನೆರಳು, ತೆಗೆದುಹಾಕು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಚೆಂದದ ಉಪಾಯ ಇದು. ಆದರೆ ಗೋಡೆಗೆ ಬಡಿದು ಬಂದ ಪ್ರತಿಫಲನವೂ ಮೂಲದೊಡನೆ ಏಕತಾಳದಲ್ಲೇ ಇರುತ್ತದೆ. ಅದೂ ಒರೆಸಿಹೋಗುತ್ತದೆ. ಪ್ರತಿಫಲನ ಎಲ್ಲಿಂದ ಎಂದು ತಿಳಿಯಲೆಂದೇ ಅಳೆದವರಿಗೆ ಸಿಗುವುದು ಖಾಲಿ ಗೋಡೆ.

ಆಮೇಲೆ ವಿಧಾನಗಳ ಪಟ್ಟಿ ಬೆಳೆಯುತ್ತಲೇ ಹೋಯಿತು. 2010ರ ದಶಕದಲ್ಲಿ ಸಂಶೋಧಕರೇ ಒಂದೇ ದತ್ತಾಂಶವನ್ನು ಹಂಚಿಕೊಂಡು ತಮ್ಮ ತಮ್ಮ ಫಲಿತಾಂಶ ಹೋಲಿಸಿ ನೋಡುವ ಕೆಲಸಕ್ಕೆ ಇಳಿದರು. ತುಂಬ ಬೇಕಿದ್ದ ಕೆಲಸ. ಇಂದು ಚಿಪ್ ಮೇಲೆಯೇ ರೂಪಿಸಿದ ಅಗ್ಗದ ಪುಟಾಣಿ ‘ಮೆಮ್ಸ್’ ಮೈಕ್ರೊಫೋನ್‌ಗಳಿಂದ ಕೈಯಲ್ಲಿ ಹಿಡಿಯುವ ಕ್ಯಾಮೆರಾಗಳೂ ಬಂದಿವೆ. ಗ್ಯಾಸ್ ಸೋರಿಕೆ ಹುಡುಕಲು ಅವು ಚೆನ್ನಾಗಿ ಒದಗುತ್ತವೆ, ಏಕೆಂದರೆ ಸೋರುವ ಸದ್ದು ಅಲ್ಟ್ರಾಸೌಂಡ್‌ವರೆಗೂ ಚಾಚುತ್ತದೆ, ಅಲ್ಲಿ ತರಂಗಾಂತರ ಎರಡು ಸೆಂ.ಮೀ.ಗೂ ಕಡಿಮೆ. 100 ಹರ್ಟ್ಜ್‌ನ ಗುಂಯ್‌ಗುಡುವಿಕೆಗೆ ಅದು 3.4 ಮೀಟರ್, ಅಂಗೈ ಅಗಲದ ಸಾಧನ ಅದರ ಮೂಲ ತೋರಿಸಿದರೆ ಅನುಮಾನಿಸಲೇಬೇಕು. ವರದಿಯಲ್ಲಿ ಹರಿತಗೊಳಿಸಿದ ಚಿತ್ರದ ಪಕ್ಕದಲ್ಲಿ ಮೊದಲಿನ ಮಸುಕು ಚಿತ್ರವನ್ನೂ, ಬಣ್ಣದ ಪಟ್ಟಿ ಎಷ್ಟು ಡೆಸಿಬೆಲ್‌ಗೆ ಕತ್ತರಿಸಿದೆ ಎಂಬುದನ್ನೂ ಕೇಳಿ ಪಡೆಯಿರಿ. ಮೇಲಿನ 6 ಡೆಸಿಬೆಲ್ ಮಾತ್ರ ತೋರಿಸಿದರೆ ಸುಳ್ಳು ಮಚ್ಚೆಗಳ ಜೊತೆ ಸಣ್ಣ ನಿಜ ಮೂಲಗಳೂ ಕಾಣುವುದಿಲ್ಲ.