ಕಂದಕ, ಸೋಲಾರ್ ತಂತಿ, ರೈಲು ಕಂಬಿ: ಆನೆಗೆ ಹಾಕಿದ ಬೇಲಿಗಳ ಕಥೆ

ಹುಣಸೂರು, ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಕಂದಕ ತೋಡಿದ್ದಾರೆ, ಸೋಲಾರ್ ತಂತಿ ಎಳೆದಿದ್ದಾರೆ, ರೈಲು ಕಂಬಿಯನ್ನೂ ನೆಟ್ಟಿದ್ದಾರೆ. ರಾಗಿ ತೆನೆ ಬಲಿಯುವ ಹೊತ್ತಿಗೆ ಆನೆ ಹೊಲಕ್ಕೆ ಇಳಿಯುವುದು ಮಾತ್ರ ನಿಂತಿಲ್ಲ.

ಇದೇ ಕಾಡಿನ ಕಾಕನಕೋಟೆಯಲ್ಲಿ 1971ರವರೆಗೂ ಖೆಡ್ಡಾ ನಡೆಸಿ, ಅಂದರೆ ಹಿಂಡನ್ನೇ ಅಟ್ಟಿಕೊಂಡು ಹೋಗಿ ಬೇಲಿಯೊಳಗೆ ಕೂಡಿ, ಆನೆ ಹಿಡಿದರು, 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, 1974ರ ಹೊತ್ತಿಗೆ ಕಬಿನಿ ಅಣೆಕಟ್ಟೆ ಮುಗಿದು ಆ ಕಾಡಿನಲ್ಲಿ ಸಾಕಷ್ಟು ಮುಳುಗಿತು, ಆಮೇಲೆ ಬೇಸಾಯ ಕಾಡಿನ ಅಂಚಿಗೇ ಬಂದು ನಿಂತಿತು.

ಕಂದಕ ಸಾಮಾನ್ಯವಾಗಿ 3 ಮೀಟರ್ ಅಗಲ, 3 ಮೀಟರ್ ಆಳ. ಆನೆಗೆ ನೆಗೆಯಲು ಬಾರದು ಎಂಬ ಲೆಕ್ಕ ಸರಿಯೇ. ಆದರೆ ಅದು ಮುಂಗಾಲಿನಿಂದ ಅಂಚಿನ ಮಣ್ಣನ್ನು ಒದ್ದು ಕೆಡವಿ, ಜಾರಿ ಇಳಿದು ಆಚೆ ದಡ ಹತ್ತುತ್ತದೆ. ಬಂಡೆ, ಹಳ್ಳ ಸಿಕ್ಕಲ್ಲಿ ಕಂದಕವೇ ತುಂಡಾಗುತ್ತದೆ. ಮಳೆಗೆ ಬದಿ ಕುಸಿದರೆ ಹೂಳು ತೆಗೆಯಬೇಕು. ತೋಡಲು ಸಿಗುವ ದುಡ್ಡು ಹೂಳಿಗೆ ಸಿಗುವುದು ಅಪರೂಪ.

ಜನ ಹೆಚ್ಚು ಬೈಯುವುದು ಸೋಲಾರ್ ಬೇಲಿಯನ್ನು, ನೋಡಿಕೊಂಡರೆ ಅದು ಒಳ್ಳೆಯ ಬೇಲಿ. 12 ವೋಲ್ಟ್ ಬ್ಯಾಟರಿಯಿಂದ ಎನರ್ಜೈಸರ್ ಎಂಬ ಪೆಟ್ಟಿಗೆ ತಂತಿಗೆ ಸೆಕೆಂಡಿಗೊಮ್ಮೆ ಟಕ್ಕೆಂದು ಸಾವಿರಾರು ವೋಲ್ಟ್ ಬಿಡುತ್ತದೆ. ಕ್ಷಣಮಾತ್ರದ ಹೊಡೆತ, ಜೀವ ತೆಗೆಯುವುದಿಲ್ಲ. ಲಂಟಾನ ಪೊದೆ ಬೆಳೆದು ತಂತಿಗೆ ತಾಗಿದರೆ ಕರೆಂಟು ಅಲ್ಲೇ ನೆಲಕ್ಕೆ ಸೋರುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದರೆ ಹೊಡೆತ ಸಪ್ಪೆಯಾಗುತ್ತದೆ, ಗುಂಡಿಗೆ ನೀರು ಹಾಕುತ್ತಿರಬೇಕು. ಹೊಡೆತ ಸಪ್ಪೆಯಾದದ್ದು ಆನೆಗೆ ಬೇಗ ತಿಳಿಯುತ್ತದೆ. ಸಲಗವಂತೂ ಕರೆಂಟು ಹರಿಯದ ದಂತದಿಂದ ತಂತಿ ಮೀಟುತ್ತದೆ, ಇಲ್ಲವೇ ಮರದ ದಿಮ್ಮಿ ತಂದು ಕಂಬದ ಮೇಲೆ ಕೆಡವುತ್ತದೆ. ಹೀಗೆ ಸೋತ ಬೇಲಿಗೆ ಬೇಸತ್ತು ಕೆಲವೆಡೆ ಮನೆ ಲೈನಿನ 230 ವೋಲ್ಟನ್ನೇ ನೇರ ಕೊಡುತ್ತಾರೆ. ಅದಕ್ಕೆ ಆನೆಯೂ ಸಾಯುತ್ತದೆ, ನೀರು ಕಟ್ಟಲು ಹೋದ ಮನುಷ್ಯನೂ ಸಾಯುತ್ತಾನೆ.

ಆಮೇಲೆ ಬಂದದ್ದು ಹಳೆಯ ರೈಲು ಕಂಬಿ, ಕಿಲೋಮೀಟರಿಗೆ ಕೋಟಿ ರೂಪಾಯಿಗೂ ಮಿಗಿಲು ಖರ್ಚು. ಗಟ್ಟಿ ಇದೆ, ನಿಜ. ಆದರೆ 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿ ಬಳಿ ಕಂಬಿ ಹತ್ತಿ ದಾಟಲು ಹೋದ ಗಂಡಾನೆ ಅದರ ಮೇಲೇ ಸಿಕ್ಕಿಕೊಂಡು ಸತ್ತಿತು. ಕಂಬಿ ಮುಗಿದ ಕಡೆಯಿಂದ ಆನೆ ಪಕ್ಕದೂರಿಗೆ ನುಗ್ಗುತ್ತದೆ. ಒಂದೂರಿನ ನೆಮ್ಮದಿ ಇನ್ನೊಂದೂರಿನ ನಿದ್ದೆ ಕೆಡಿಸುತ್ತದೆ.

ಈಗ ತೂಗು ಸೋಲಾರ್ ಬೇಲಿ ಬಂದಿದೆ. ಎತ್ತರದ ಕಂಬದಿಂದ ತಂತಿಗಳು ಜೋತುಬಿದ್ದಿರುವುದರಿಂದ ಕಂಬ ಮುಟ್ಟುವ ಮೊದಲೇ ಆನೆಗೆ ಶಾಕ್ ತಾಗುತ್ತದೆ, ತಂತಿ ನೆಲದಿಂದ ಮೇಲಿರುವುದರಿಂದ ಹುಲ್ಲೂ ಅಷ್ಟಾಗಿ ತಾಗದು. ಅದಕ್ಕೂ ದಿನಾ ಸಂಜೆ ಮೀಟರ್ ಹಿಡಿದು ವೋಲ್ಟ್ ನೋಡುವವನು ಬೇಕು, ಅವನಿಗೆ ವರ್ಷವಿಡೀ ಸಂಬಳ ಬೇಕು. ಆ ಏರ್ಪಾಡು ಇಲ್ಲದ ಊರುಗಳಲ್ಲಿ ರಾಗಿ ಕಣ ಮುಗಿಯುವವರೆಗೂ ಅಟ್ಟಣೆಯ ಮೇಲೆ ಟಾರ್ಚು, ಪಟಾಕಿ ಹಿಡಿದು ಬೆಳಗಿನವರೆಗೆ ಕಾಯುತ್ತಾರೆ.