ಕಂಟ್ರೋಲ್: ಯೀಸ್ಟ್ ಪ್ರಯೋಗದಲ್ಲಿ ಹೋಲಿಕೆಯ ಬಾಟಲಿ

ಸಕ್ಕರೆ ತಿಂದು ಅನಿಲ ಬಿಡುವ ಸೂಕ್ಷ್ಮಜೀವಿ ಯೀಸ್ಟ್. ಅದನ್ನು ಹಾಕಿದ ಬಾಟಲಿಯ ಬಾಯಿಗೆ ಕಟ್ಟಿದ ಬಲೂನು ಉಬ್ಬಿದರೆ ಅಷ್ಟರಿಂದಲೇ ಏನೂ ಸಾಬೀತಾಗುವುದಿಲ್ಲ. ಯಾವುದಕ್ಕಿಂತ ಹೆಚ್ಚು ಉಬ್ಬಿತು, ಎಷ್ಟು ಹೆಚ್ಚು ಎಂದು ಹೇಳಬೇಕಾದರೆ ಪಕ್ಕದಲ್ಲಿ ಇನ್ನೊಂದು ಬಾಟಲಿ ಬೇಕು. ಪರೀಕ್ಷಿಸುತ್ತಿರುವ ಒಂದೇ ಒಂದು ಅಂಶ ಬಿಟ್ಟು ಮಿಕ್ಕಿದ್ದೆಲ್ಲ ಒಂದೇ ಥರ ಇರುವ ಆ ಬಾಟಲಿಯೇ ಕಂಟ್ರೋಲ್.

ಸಕ್ಕರೆ ಹೆಚ್ಚಿದಂತೆ ಅನಿಲವೂ ಹೆಚ್ಚುತ್ತದೆಯೇ ಎಂಬುದು ಪ್ರಶ್ನೆ ಎಂದಿಟ್ಟುಕೊಳ್ಳಿ. 500 ಮಿಲಿ ಬಾಟಲಿಗಳಲ್ಲಿ ತಲಾ 100 ಮಿಲಿ ದ್ರವ, 1 ಗ್ರಾಂ ಒಣ ಯೀಸ್ಟ್, 35 ಡಿಗ್ರಿ ಸೆಲ್ಸಿಯಸ್ ಶಾಖ. ಸಕ್ಕರೆ ಮಾತ್ರ 0, 1, 2, 4 ಗ್ರಾಂ. ಇಲ್ಲಿ 0 ಗ್ರಾಂ ಬಾಟಲಿ ಕಂಟ್ರೋಲ್. ಅದರಲ್ಲೂ ಸ್ವಲ್ಪ ಅನಿಲ ಬರಬಹುದು, ಗಾಬರಿ ಬೇಡ: ಯೀಸ್ಟ್ ಕೋಶಗಳು ತಮ್ಮೊಳಗೆ ಗ್ಲೈಕೋಜನ್ ಮತ್ತು ಟ್ರಿಹಲೋಸ್ ಎಂಬ ಸಕ್ಕರೆ ಬಗೆಯ ಆಹಾರವನ್ನು ಕೂಡಿಟ್ಟಿರುತ್ತವೆ. ಆ ಅಳತೆಯನ್ನೂ ಬರೆದಿಡಿ.

ಇದೊಂದೇ ಸಾಲದು. ಬಾಟಲಿಯೊಳಗಿನ ಗಾಳಿ ಬಿಸಿಯಾಗಿ ಹಿಗ್ಗಿದರೂ ಬಲೂನು ಎದ್ದು ನಿಲ್ಲುತ್ತದೆ. ಅದನ್ನು ಬೇರ್ಪಡಿಸಲು ಯೀಸ್ಟ್ ಇಲ್ಲದ, 2 ಗ್ರಾಂ ಸಕ್ಕರೆಯ ಬಾಟಲಿ ಇಡಬೇಕು. ಅನಿಲ ಬಿಡುತ್ತಿರುವುದು ಜೀವಂತ ಕೋಶಗಳೇ ಎಂದು ತೋರಿಸಲು ಹತ್ತು ನಿಮಿಷ ಕುದಿಸಿದ ಯೀಸ್ಟಿನ ಬಾಟಲಿ. ಕುದಿದು ಆವಿಯಾದಷ್ಟು ನೀರನ್ನು ಮತ್ತೆ ಸೇರಿಸಿ, 35 ಡಿಗ್ರಿಗೆ ಆರಿಸಿಯೇ ಹಾಕಿ. ಬಿಸಿಬಿಸಿ ಸುರಿದರೆ ಬದಲಾದ ಅಂಶ ಎರಡಾಗುತ್ತದೆ, ಕಂಟ್ರೋಲ್ ಕೆಡುತ್ತದೆ.

ಹೆಚ್ಚಿನ ಪ್ರಯೋಗಗಳು ಹಾಳಾಗುವುದು ತೂಕದಲ್ಲಿ. ಸಾಮಾನ್ಯ ತಕ್ಕಡಿ 1 ಗ್ರಾಂ ಅನ್ನು ನಂಬಿಕೆಯಿಂದ ತೂಗುವುದಿಲ್ಲ. 20 ಗ್ರಾಂ ಯೀಸ್ಟನ್ನು 1 ಲೀಟರ್ ಬೆಚ್ಚನೆಯ ನೀರಿನಲ್ಲಿ ಕದಡಿ, ಪ್ರತಿ ಬಾಟಲಿಗೆ 50 ಮಿಲಿ ಅಳೆದು ಹಾಕಿ. ಯೀಸ್ಟ್ ಬೇಗ ತಳಕ್ಕಿಳಿಯುವುದರಿಂದ ಪ್ರತಿ ಸಲವೂ ಕಲಕಬೇಕು. ಉಳಿದ 50 ಮಿಲಿ ಸಕ್ಕರೆ ನೀರು. ಯೀಸ್ಟ್ ಇಲ್ಲದ ಬಾಟಲಿಗೆ ಯೀಸ್ಟ್ ದ್ರಾವಣದ ಬದಲು ಬರೀ ನೀರು. ಹೊಸ ಬಲೂನು ಬಿಗಿಯಾಗಿರುತ್ತದೆ, ಎಲ್ಲವನ್ನೂ ಮೊದಲೇ ಎರಡು ಮೂರು ಸಲ ಊದಿ ಸಡಿಲಿಸಿ. ಪ್ರತಿ ಬಗೆಗೂ ಮೂರು ಬಾಟಲಿ ಇರಲಿ. ಬಿಸಿನೀರಿನ ತೊಟ್ಟಿಯ ಅಂಚು ಬೇಗ ತಣಿಯುತ್ತದೆ, ಆದ್ದರಿಂದ ಒಂದೇ ಬಗೆಯವನ್ನು ಒಟ್ಟಿಗೆ ಇಡದೆ ಬೆರೆಸಿ ಜೋಡಿಸಿ.

ಪ್ರಯೋಗದ ಪ್ರದರ್ಶನ ಫಲಕದ ಮೇಲೆ ‘ಯೀಸ್ಟ್ ಬೆಳವಣಿಗೆ’ ಎಂದು ಬರೆಯುವ ಮೊದಲು ಯೋಚಿಸಿ. ಬಲೂನು ತೋರಿಸುವುದು ಹುದುಗುವಿಕೆಯನ್ನು, ಅಂದರೆ ಸಕ್ಕರೆ ಒಡೆದು ಅನಿಲ ಬಿಡುವುದನ್ನು. ಬರೀ ಸಕ್ಕರೆ ನೀರಿನಲ್ಲಿ ಹೊಸ ಕೋಶಗಳಿಗೆ ಬೇಕಾದ ಸಾರಜನಕ ಇಲ್ಲದ ಕಾರಣ ಕೋಶಗಳು ಅನಿಲ ಬಿಟ್ಟರೂ ಸಂಖ್ಯೆಯಲ್ಲಿ ಹೆಚ್ಚುವುದು ಕಡಿಮೆ. ನಿಜವಾದ ಬೆಳವಣಿಗೆ ಬೇಕಿದ್ದರೆ 1 ಲೀಟರಿಗೆ 10 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್ (ಜೀವಂತ ಕೋಶಗಳಿಲ್ಲದ ಯೀಸ್ಟ್ ಸಾರ), 20 ಗ್ರಾಂ ಪೆಪ್ಟೋನ್ (ಸಾರಜನಕ ಒದಗಿಸುವ, ಒಡೆದ ಪ್ರೋಟೀನಿನ ಪುಡಿ), 20 ಗ್ರಾಂ ಗ್ಲೂಕೋಸ್ ಇರುವ ಕ್ರಿಮಿಶುದ್ಧ ಮಾಧ್ಯಮದಲ್ಲಿ (ಕೋಶ ಬೆಳೆಸುವ ಪೋಷಕ ದ್ರವ) ಅತಿ ಕಡಿಮೆ ಯೀಸ್ಟಿನಿಂದ ಶುರುಮಾಡಿ, ಹೀಮೋಸೈಟೋಮೀಟರಿನಲ್ಲಿ (ಸೂಕ್ಷ್ಮದರ್ಶಕದಡಿ ಎಣಿಸಲು ಚೌಕಗಳನ್ನು ಕೊರೆದ ಗಾಜಿನ ಪಟ್ಟಿ) ಕೋಶಗಳನ್ನು ಎಣಿಸಬೇಕು. ಮಿಥಿಲೀನ್ ಬ್ಲೂ ಎಂಬ ಬಣ್ಣ ಹಾಕಿದರೆ ಸತ್ತ ಕೋಶಗಳು ನೀಲಿಯಾಗಿ ಕಾಣುತ್ತವೆ, ಅವನ್ನು ಬೇರೆಯಾಗಿ ಎಣಿಸಿ. ಆಗ ಕಂಟ್ರೋಲ್ ಕೂಡ ಬದಲಾಗುತ್ತದೆ: ಯೀಸ್ಟ್ ಹಾಕದೆ ಇಟ್ಟ ಅದೇ ಮಾಧ್ಯಮ. ಮರುದಿನ ಅದು ಕದಡಿದಂತೆ ಕಂಡರೆ ಹೊರಗಿನ ಸೂಕ್ಷ್ಮಜೀವಿ ಸೇರಿದೆ ಎಂದರ್ಥ. ಆ ದಿನದ ಎಣಿಕೆಗಳನ್ನೆಲ್ಲ ಕೈಬಿಟ್ಟು ಹೊಸದಾಗಿ ಮಾಡಬೇಕು.