ಬಿಪಿ ಏರಿದರೆ ಹಿಮೋಗ್ಲೋಬಿನ್ ಹಿಂಡಿಹೋಗುತ್ತಾ?

ಪ್ರಶ್ನೆ: ನಮ್ಮ ಆಯಿಗೆ ಬಿಪಿ ಇದೆ. ಒತ್ತಡ ಜಾಸ್ತಿ ಆದರೆ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಹಿಂಡಿಹೋಗುತ್ತಾ? ಇಂಥ ಪ್ರೋಟೀನ್‌ಗಳ ಮೇಲೆ ಕಂಪ್ಯೂಟರಿನಲ್ಲೇ ಒತ್ತಡ ಹಾಕಿ ನೋಡ್ತಾರಂತೆ. ಕಂಪ್ಯೂಟರಿನಲ್ಲಿ ಒತ್ತೋದು ಹೇಗೆ?
ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಧಾರವಾಡ

ಮೊದಲು ಆಯಿಯ ವಿಷಯ. ಇಲ್ಲ, ಹಿಂಡಿಹೋಗುವುದಿಲ್ಲ. ಬಿಪಿ 120 ಅಂದರೆ 120 ಮಿಲಿಮೀಟರ್ ಪಾದರಸದಷ್ಟು ಒತ್ತಡ. ಸಮುದ್ರದ ದಂಡೆಯಲ್ಲಿ ನಮ್ಮ ಸುತ್ತಲಿನ ಗಾಳಿಯೇ 760 ಮಿಲಿಮೀಟರ್ ಒತ್ತುತ್ತದೆ. ಇದನ್ನು ಒಂದು ವಾಯುಭಾರ ಅಂತ ಅಳತೆಗೆ ಇಟ್ಟುಕೊಳ್ಳೋಣ. ಬಿಪಿ 120ರಿಂದ 180ಕ್ಕೆ ಏರಿದರೆ ಹೆಚ್ಚಾದದ್ದು 60. ಒಂದು ವಾಯುಭಾರದ ಹನ್ನೆರಡರಲ್ಲಿ ಒಂದು ಪಾಲೂ ಅಲ್ಲ. ಅಂಕೋಲೆಯಿಂದ ಅರಬೈಲ್ ಘಾಟ್ ಹತ್ತಿ ಧಾರವಾಡಕ್ಕೆ ಬರುವಷ್ಟರಲ್ಲಿ ಗಾಳಿಯ ಒತ್ತಡ ಹೆಚ್ಚು ಕಡಿಮೆ ಇಷ್ಟೇ ಇಳಿದಿರುತ್ತದೆ. ನಿಮ್ಮ ಕಿವಿಗೆ ಅದು ಗೊತ್ತಾಗುತ್ತದೆ. ಹಿಮೋಗ್ಲೋಬಿನ್ ಆಕಾರಕ್ಕೆ ಗೊತ್ತೇ ಆಗುವುದಿಲ್ಲ. ಬಿಪಿಯಿಂದ ಕೆಡುವುದು ರಕ್ತನಾಳ, ಹೃದಯ, ಮೂತ್ರಪಿಂಡ. ಹಾಗಾಗಿ ಆಯಿಯ ಮಾತ್ರೆ ಮಾತ್ರ ತಪ್ಪಬಾರದು.

ಎತ್ತರದ ಬೆಟ್ಟದ ಮೇಲೆ ಏದುಸಿರು ಬರುತ್ತದಲ್ಲ, ಅದು ಬೇರೆ ಕಥೆ. ಅಲ್ಲಿ ಗಾಳಿ ತೆಳು, ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. ಪ್ರೋಟೀನ್ ಚೆನ್ನಾಗಿಯೇ ಇರುತ್ತದೆ, ಹೊರಲು ಸರಕು ಸಾಲದು.

ಪ್ರೋಟೀನ್ ಆಕಾರ ಕೆಡಬೇಕಾದರೆ ಸಾವಿರಾರು ವಾಯುಭಾರ ಬೇಕು. 1914ರಲ್ಲಿ ಪರ್ಸಿ ಬ್ರಿಡ್ಜ್‌ಮನ್ ಎಂಬ ಅಮೆರಿಕದ ವಿಜ್ಞಾನಿ ಮೊಟ್ಟೆಯ ಬಿಳಿ ಲೋಳೆಯನ್ನು ಸುಮಾರು 7000 ವಾಯುಭಾರದಲ್ಲಿ ಇಟ್ಟರು. ಬೆಂಕಿ ಇಲ್ಲದೆಯೇ ಅದು ಬೇಯಿಸಿದ ಮೊಟ್ಟೆಯಂತೆ ಗಟ್ಟಿಯಾಯಿತು. ಹೋಲಿಸಿ ನೋಡಿ, ಸಮುದ್ರದಲ್ಲಿ ಹತ್ತು ಮೀಟರ್ ಇಳಿದರೆ ಒಂದು ವಾಯುಭಾರ ಹೆಚ್ಚುತ್ತದೆ. ಒಂದು ಕಿಲೋಮೀಟರ್ ಆಳಕ್ಕೆ ಮುಳುಗುವ ಸ್ಪರ್ಮ್ ತಿಮಿಂಗಿಲದ ಮೇಲೆ ಬೀಳುವುದು ನೂರು ಚಿಲ್ಲರೆ ವಾಯುಭಾರ ಅಷ್ಟೇ.

ಒತ್ತಡ ಅಂದಕೂಡಲೇ ನಾವು ಹತ್ತಿ ಅಂಡಿಗೆಯನ್ನು ನೆನೆಸಿಕೊಳ್ಳುತ್ತೇವೆ. ಹುಬ್ಬಳ್ಳಿ, ಗದಗ ಕಡೆಯ ಜಿನ್ನಿಂಗ್ ಮಿಲ್ಲಿನಲ್ಲಿ ಗುಡ್ಡದಂತಿದ್ದ ಅರಳೆಯನ್ನು ಒತ್ತಿ 170 ಕೆಜಿಯ ಬೇಲ್ ಮಾಡುತ್ತಾರೆ. ಹತ್ತಿ ಅಷ್ಟು ಕುಗ್ಗುವುದು ಎಳೆಗಳ ನಡುವೆ ಬರೀ ಗಾಳಿ ಇರುವುದರಿಂದ. ಪ್ರೋಟೀನ್ ಹಾಗಲ್ಲ. ಅದು ಜೋಳದ ಚೀಲ ಇದ್ದ ಹಾಗೆ, ಅಲುಗಿಸಿ ಅಲುಗಿಸಿ ಬಾಯಿತನಕ ತುಂಬಿದ್ದು. ಎಷ್ಟು ತುಂಬಿದರೂ ಕಾಳುಗಳ ನಡುವೆ ಅಲ್ಲೊಂದು ಇಲ್ಲೊಂದು ಸಂದಿ ಉಳಿಯುತ್ತದೆ. ಒತ್ತಡದ ಕಣ್ಣು ಬೀಳುವುದು ಆ ಸಂದಿಗಳ ಮೇಲೆ. ಒತ್ತಡ ಯಾವಾಗಲೂ ಒಟ್ಟು ಜಾಗ ಕಡಿಮೆ ಮಾಡಲು ನೋಡುತ್ತದೆ. ಸುತ್ತಲಿನ ನೀರು ಒಳಗಿನ ಖಾಲಿ ಜಾಗಕ್ಕೆ ನುಗ್ಗಿದರೆ ಒಟ್ಟು ಜಾಗ ಕಡಿಮೆಯಾಗುತ್ತದೆ. ಅಂದರೆ ಪ್ರೋಟೀನ್ ಬಿಚ್ಚಿಕೊಳ್ಳುವುದು ಹೊರಗಿನ ಹಿಂಡುವಿಕೆಗಿಂತ ಒಳಗೆ ತೂರುವ ನೀರಿನಿಂದ ಜಾಸ್ತಿ.

ಆಮ್ಲಜನಕ ಹಿಡಿಯುವ ಪ್ರೋಟೀನ್‌ಗೆ ಈ ಖಾಲಿ ಜಾಗವೇ ಜೀವಾಳ. ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ತುಂಡುಗಳಿವೆ. ಅದರ ಸಣ್ಣ ನೆಂಟ ಮಯೋಗ್ಲೋಬಿನ್, ಸ್ನಾಯುವಿನಲ್ಲಿ ಆಮ್ಲಜನಕ ಕೂಡಿಡುವಂಥದ್ದು. ಅದರಲ್ಲಿರುವುದು ಒಂದೇ ತುಂಡು, 153 ಅಮೈನೊ ಆಮ್ಲಗಳ ಒಂದು ಸರ. ನಡುವೆ ಹೀಮ್ ಎಂಬ ಬಿಲ್ಲೆ, ಅದರ ಮಧ್ಯೆ ಒಂದು ಕಬ್ಬಿಣದ ಪರಮಾಣು. ಆಮ್ಲಜನಕ ಕೂರುವುದು ಅಲ್ಲೇ. ತಿಮಿಂಗಿಲದ ಮಯೋಗ್ಲೋಬಿನ್ ಚಿತ್ರವನ್ನು 1958ರಲ್ಲಿ ಜಾನ್ ಕೆಂಡ್ರೂ ಎಂಬ ಬ್ರಿಟನ್ನಿನ ವಿಜ್ಞಾನಿ ಎಕ್ಸ್-ರೇ ಬಳಸಿ ಬಿಡಿಸಿದರು. ಹಿಮೋಗ್ಲೋಬಿನ್ ಬಿಡಿಸಿದ ಮ್ಯಾಕ್ಸ್ ಪೆರುಟ್ಜ್ ಜೊತೆ 1962ರಲ್ಲಿ ಅವರಿಗೆ ನೊಬೆಲ್ ಬಂತು.

ಆದರೆ ಆ ಚಿತ್ರದಲ್ಲಿ ಒಂದು ಒಗಟಿತ್ತು. ಹೊರಗಿನಿಂದ ಕಬ್ಬಿಣದವರೆಗೆ ಆಮ್ಲಜನಕ ಹೋಗಲು ದಾರಿಯೇ ಕಾಣಲಿಲ್ಲ. ಬಾಗಿಲಿಲ್ಲದ ಮನೆ! ನಾನು ಮೊದಲ ಸಲ ಇದನ್ನು ಓದಿದಾಗ ಎರಡು ದಿನ ತಲೆಯಲ್ಲಿ ಅದೇ ಕೂತಿತ್ತು. ಉತ್ತರ ಇಷ್ಟೇ: ಪ್ರೋಟೀನ್ ಸುಮ್ನೆ ನಿಂತಿರುವುದಿಲ್ಲ, ಸದಾ ಮಿಡುಕುತ್ತಿರುತ್ತದೆ. ಹಾಗೆ ಮಿಡುಕುವಾಗ ಒಂದು ಗಳಿಗೆ ಸಂದಿ ತೆರೆಯುತ್ತದೆ, ಆಮ್ಲಜನಕ ನುಸುಳುತ್ತದೆ, ಸಂದಿ ಮುಚ್ಚುತ್ತದೆ. ಹೀಮ್ ಪಕ್ಕದ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಕದದ ಹಾಗೆ ಸರಿಯುತ್ತದೆ. ಎಕ್ಸ್-ರೇ ಚಿತ್ರ ನಿಂತ ಫೋಟೊ. ಈ ಓಡಾಟ ಅದರಲ್ಲಿ ಕಾಣದು. ಕಂಪ್ಯೂಟರ್ ಬೇಕಾಗುವುದು ಇಲ್ಲಿಯೇ.

ಈಗ ನಿಮ್ಮ ಎರಡನೇ ಪ್ರಶ್ನೆ. ಕಂಪ್ಯೂಟರಿನೊಳಗೆ ಒಂದು ಪೆಟ್ಟಿಗೆ. ಅದರಲ್ಲಿ ಮಯೋಗ್ಲೋಬಿನ್‌ನ ಸುಮಾರು 2500 ಪರಮಾಣುಗಳು, ಸುತ್ತಲೂ ಸಾವಿರಾರು ನೀರಿನ ಅಣುಗಳು. ಪ್ರತಿ ಪರಮಾಣುವನ್ನು ಉಳಿದವು ಎಷ್ಟು ಎಳೆಯುತ್ತವೆ, ಎಷ್ಟು ತಳ್ಳುತ್ತವೆ ಅಂತ ಲೆಕ್ಕ ಹಾಕುತ್ತಾರೆ. ಬಲ ಗೊತ್ತಾದರೆ ವೇಗದ ಬದಲಾವಣೆ ಗೊತ್ತಾಗುತ್ತದೆ. ನೀವು ಓದಿದ ನ್ಯೂಟನ್ನನ ಎರಡನೇ ನಿಯಮವೇ ಇದು! ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಅದೇ ಲೆಕ್ಕ. ಹೆಜ್ಜೆ ತೀರಾ ಸಣ್ಣದು, ಸಾಮಾನ್ಯವಾಗಿ 2 ಫೆಮ್ಟೊಸೆಕೆಂಡ್. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮತ್ತೆ ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲೇ ಫೆಮ್ಟೊಸೆಕೆಂಡ್. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಹೊತ್ತಿನ ಓಡಾಟ ನೋಡಲು ಇಂಥ 50 ಕೋಟಿ ಹೆಜ್ಜೆ ಬೇಕು.

ಒತ್ತಡ ಹಾಕುವುದು ಪೆಟ್ಟಿಗೆಯ ಮೂಲಕ. ಒಳಗಿನ ಒತ್ತಡ ಸದ್ಯ ಎಷ್ಟಿದೆ ಅಂತ ಪ್ರೋಗ್ರಾಂ ಅಳೆಯುತ್ತಲೇ ಇರುತ್ತದೆ. ನಾವು ಕೇಳಿದ್ದು 2000 ವಾಯುಭಾರ, ಇರುವುದು ಕಡಿಮೆ ಅನ್ನಿ. ಆಗ ಪೆಟ್ಟಿಗೆಯ ಗೋಡೆ ಚೂರು ಒಳಸರಿಯುತ್ತದೆ, ಹೆಚ್ಚಾದರೆ ಹಿಂದೆ ಸರಿಯುತ್ತದೆ. ಹೀಗೆ ಹಿಗ್ಗಿ ಕುಗ್ಗುವ ಪೆಟ್ಟಿಗೆಯ ಹೆಸರಾಂತ ವಿಧಾನವೊಂದನ್ನು 1980ರ ಆಸುಪಾಸಿನಲ್ಲಿ ಕಟ್ಟಿದವರು ಮಿಕೆಲೆ ಪರಿನೆಲ್ಲೊ ಮತ್ತು ಅನೀಸುರ್ ರಹಮಾನ್. ರಹಮಾನ್ ಹುಟ್ಟಿದ್ದು ಹೈದರಾಬಾದಿನಲ್ಲಿ. 1964ರಲ್ಲಿ 864 ಆರ್ಗಾನ್ ಪರಮಾಣುಗಳ ಓಡಾಟ ಲೆಕ್ಕ ಹಾಕಿ ಈ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ಅವರೂ ಒಬ್ಬರು. ನಮ್ಮ ಪಕ್ಕದ ಊರಿನವರ ಈ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು ಅಂತ ನನ್ನ ಆಸೆ.

ಒಂದೇ ಪ್ರೋಟೀನನ್ನು 1 ವಾಯುಭಾರದಲ್ಲಿ ಓಡಿಸಿ, ಆಮೇಲೆ 1000, 2000, 3000ದಲ್ಲಿ ಓಡಿಸಿ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಸಂದಿಗಳು ಎಷ್ಟು ಕುಗ್ಗಿದವು? ಒಳಗೆ ಎಷ್ಟು ನೀರು ಹೊಕ್ಕಿತು? ಕದ ಎಷ್ಟು ಸಲ ತೆರೆಯಿತು? ಪ್ರಯೋಗಾಲಯದ ಫಲಿತಾಂಶದ ಜೊತೆ ತಾಳೆ ನೋಡುವುದೂ ಇದೆ. 2000 ವಾಯುಭಾರದಲ್ಲಿಟ್ಟ ಮಯೋಗ್ಲೋಬಿನ್ ಹರಳಿನ ಎಕ್ಸ್-ರೇಯಲ್ಲಿ ಒಟ್ಟು ಆಕಾರ ಹಾಗೇ ಇತ್ತು, ಅಮೈನೊ ಆಮ್ಲಗಳ ಸರ ಸುತ್ತಿಕೊಂಡ ಸುರುಳಿಗಳು ಮಾತ್ರ ಚೂರು ಸರಿದಿದ್ದವು. ಆದರೆ ತಿಮಿಂಗಿಲದ ಮಯೋಗ್ಲೋಬಿನ್ ಆಮ್ಲಜನಕ ಹಿಡಿಯುವ ವೇಗ ಒತ್ತಡದಲ್ಲಿ ಇಳಿಯುತ್ತದೆ. ಸೋಜಿಗ ಅಂದರೆ, ಆಮ್ಲಜನಕದ ಜಾಗದಲ್ಲೇ ಕೂರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಹಿಡಿಯುವ ವೇಗ ಏರುತ್ತದೆ. ಆಮ್ಲಜನಕಕ್ಕೆ ಕಷ್ಟ ಇರುವುದು ಒಳಗೆ ನುಸುಳುವುದರಲ್ಲಿ, ಒತ್ತಡ ಆ ದಾರಿಯನ್ನೇ ಬಿಗಿ ಮಾಡುತ್ತದೆ. ಮಾನಾಕ್ಸೈಡಿಗೆ ಕಷ್ಟ ಇರುವುದು ಕಬ್ಬಿಣದ ಜೊತೆ ಬಂಧ ಕಟ್ಟುವುದರಲ್ಲಿ. ಬಂಧ ಕಟ್ಟಿದರೆ ಒಟ್ಟು ಜಾಗ ಕಡಿಮೆಯಾಗುತ್ತದೆ, ಅದಕ್ಕೇ ಒತ್ತಡದ ಬೆಂಬಲ ಸಿಗುತ್ತದೆ.

ಈ ಲೆಕ್ಕಕ್ಕೂ ಒಂದು ಮಿತಿ ಇದೆ. ಬಂಧ ಕಟ್ಟುವುದು ಎಲೆಕ್ಟ್ರಾನುಗಳ ಕೆಲಸ, ನ್ಯೂಟನ್ನನ ನಿಯಮ ಅಲ್ಲಿ ಸಾಲದು. ಅಷ್ಟು ಭಾಗಕ್ಕೆ ಕ್ವಾಂಟಮ್ ಲೆಕ್ಕ ಸೇರಿಸಬೇಕು. ಎರಡನ್ನೂ ಬೆರೆಸುವಂಥ ವಿಧಾನಗಳಿಗಾಗಿ ಕಾರ್ಪ್ಲಸ್, ಲೆವಿಟ್, ವಾರ್ಶೆಲ್ ಎಂಬ ಮೂವರು ವಿಜ್ಞಾನಿಗಳಿಗೆ 2013ರ ನೊಬೆಲ್ ಬಂತು.

ನೀವೇ ನೋಡಬೇಕು ಅನಿಸಿದರೆ ಮೊಬೈಲ್ ಸಾಕು. ಪ್ರೋಟೀನ್‌ಗಳ ಆಕಾರ ಕೂಡಿಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಜಾಲತಾಣದಲ್ಲಿ 1ಎಂಬಿಒ (1MBO) ಅಂತ ಹುಡುಕಿ. ಆಮ್ಲಜನಕ ಹಿಡಿದ ಮಯೋಗ್ಲೋಬಿನ್ ಬರುತ್ತದೆ, ಬೆರಳಲ್ಲಿ ತಿರುಗಿಸಬಹುದು. ಮೇಲ್ಮೈ ತೋರಿಸುವ ನೋಟ ಆರಿಸಿಕೊಂಡು ಹೊರಗಿನಿಂದ ಕಬ್ಬಿಣದವರೆಗೆ ಬಾಗಿಲು ಎಲ್ಲಿದೆ ಹುಡುಕಿ ನೋಡಿ.